ಕ್ರೈಸ್ತ ಮತದಲ್ಲಿ ವಿಮೋಚನೆಯ ಅರ್ಥ

ಬೈಬಲ್ಲಿನ ಎರಡನೆಯ ಗ್ರಂಥಕ್ಕೆ ಕನ್ನಡದಲ್ಲಿ ‘ವಿಮೋಚನಕಾಂಡ’ವೆಂದು ಹೆಸರು. ಅದರ ಗ್ರೀಕ್ ಹೆಸರಿಗೆ ‘ಹೊರಟುಹೋಗುವುದು’ ಎಂದಷ್ಟೇ ಅರ್ಥ. ಕನ್ನಡಕ್ಕೆ ತಂದವರು ಜನರು ಹೊರಟುದಕ್ಕಿಂತ ದೇವರು ಅವರನ್ನು ಬಿಡಿಸಿದುದೇ ಮುಖ್ಯವೆಂದು ಎಣಿಸಿರಬೇಕು. ಈ ಬಿಡುಗಡೆ ದೇಹಕ್ಕೆ ಸಂಬಂಧಿಸಿದುದೋ, ಆತ್ಮಕ್ಕೆ ಸಂಬಂಧಿಸಿದುದೋ? ಇದು ಕೇವಲ ಮತಪಂಡಿತರ ಪ್ರಶ್ನೆಯಲ್ಲ. ನಮ್ಮ ಕೊಡಗಿನಲ್ಲಿಯೂ ಜೀತದಾಳುಗಳಿದ್ದರು. ಅವರ ನಡುವೆ ಈ ಮತದ ಬೋಧಕರೂ ಬಂದು ನೆಲಸಿದ್ದರು. ಆದುದರಿಂದ ಈ ನಾಡಿನ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಯನ್ನು ವಿಚಾರಿಸುವುದು ನನ್ನ ಉದ್ದೇಶ.

ಇಸ್ರಾಯೇಲ್ಯರು ಐಗುಪ್ತ ದೇಶದಲ್ಲಿ ಇಟ್ಟಿಗೆ ಮಾಡುವ ದಾಸರಾಗಿದ್ದರು. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದು ನಿಂತಿತು. ಇಟ್ಟಿಗೆಯ ಲೆಕ್ಕ ಮಾತ್ರ ಕಡಮೆಯಾಗಲಿಲ್ಲ. ಅವರ ಗೋಳು ದೇವರಿಗೆ ಮುಟ್ಟಿತು. ಆತನು ಮೋಶೆಯನ್ನು ಫರೋಹನ ಬಳಿಗೆ ಕಳುಹಿಸಿದನು. ಬಾಗಿಲ ನಿಲುವುಗಳಿಗೆ ಕುರಿಮರಿಯ ರಕ್ತವನ್ನು ಹಚ್ಚಿದ ಪಸ್ಕದ ರಾತ್ರಿ ಅವರು ಹೊರಟರು, ಸಮುದ್ರವನ್ನು ದಾಟಿದರು. ದಶಾಜ್ಞೆಗಳು ದೊರೆತುದು ಇದೆಲ್ಲ ಆದ ಮೇಲೆ, ಸೀನಾಯಿ ಬೆಟ್ಟದಲ್ಲಿ. ಈ ಕ್ರಮವನ್ನು ಗಮನಿಸಬೇಕು. ಮೊದಲು ಬಿಡುಗಡೆ, ಅನಂತರ ಧರ್ಮಶಾಸ್ತ್ರ. ಒಳ್ಳೆಯವರಾದರೆ ಬಿಡಿಸುವೆನೆಂದು ದೇವರು ಕರಾರು ಮಾಡಲಿಲ್ಲ. ಕ್ರೈಸ್ತರು ಕೃಪೆಯೆಂದು ಕರೆಯುವುದು ಇದನ್ನೇ.

ಆದರೆ ಸಮುದ್ರವನ್ನು ದಾಟಿದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಅಡವಿಯಲ್ಲಿ ಹಸಿವಾದಾಗ ಆ ಜನರು ಐಗುಪ್ತದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು. ಚಾವಟಿಯ ನೆನಪು ಮಾಸಿತ್ತು, ಊಟದ ನೆನಪು ಉಳಿದಿತ್ತು. ನಂಜರಾಯಪಟ್ಟಣದ ಕಡೆಯವನಾದ ನನಗೆ ಇಲ್ಲಿ ದುಬಾರೆಯ ಆನೆಗಳು ನೆನಪಿಗೆ ಬರುತ್ತವೆ. ಶಿಬಿರದ ಆನೆಯನ್ನು ರಾತ್ರಿ ಮೇಯಲು ಕಾಡಿಗೆ ಬಿಡುವ ಪದ್ಧತಿಯುಂಟು. ಸುತ್ತ ಬೇಲಿಯಿಲ್ಲ, ಕಾವಲಿಲ್ಲ; ಆದರೆ ಕಾಲಿಗೆ ಕಟ್ಟಿದ ಉದ್ದನೆಯ ಸರಪಳಿ ನೆಲದ ಮೇಲೆ ಎಳೆಯುತ್ತಿರುತ್ತದೆ. ಬೆಳಿಗ್ಗೆ ಮಾವುತನು ಆ ಗೆರೆಯನ್ನೇ ಹಿಡಿದು ಹೋಗಿ ಆನೆಯನ್ನು ಕರೆತರುತ್ತಾನೆ. ಮನುಷ್ಯನೂ ಒಡೆಯನಿಂದ ದೂರ ಬಂದು, ಸರಪಳಿಯನ್ನು ಮಾತ್ರ ಎಳೆದುಕೊಂಡೇ ತಿರುಗುವುದುಂಟು.

ಹೊಸ ಒಡಂಬಡಿಕೆ ಪಾಪವೆಂದು ಕರೆಯುವುದು ಈ ಸರಪಳಿಯನ್ನೇ ಎಂದು ನನಗೆ ತೋರುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಪಾಪವನ್ನು ಕೇವಲ ತಪ್ಪುಗಳ ಪಟ್ಟಿಯಾಗಿ ಕಾಣದೆ, ಮನುಷ್ಯನನ್ನು ಆಳುವ ಯಜಮಾನನಾಗಿ ಕಾಣುತ್ತಾನೆ; ಆ ಯಜಮಾನನು ಕೊಡುವ ಸಂಬಳ ಮರಣ. ಯೇಸುವಿನ ಮರಣವನ್ನು ವಿವರಿಸಲು ಬಳಸಿರುವ ‘ಲೂತ್ರೋನ್’ ಎಂಬ ಗ್ರೀಕ್ ಪದವೂ ಸಂತೆಬೀದಿಯಿಂದ ಬಂದುದು. ದಾಸನನ್ನಾಗಲಿ ಸೆರೆಯಾಳನ್ನಾಗಲಿ ಬಿಡಿಸಲು ತೆರುವ ಹಣವೆಂದು ಅದರ ಅರ್ಥ. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ‘ಈಡು’ ಎಂಬ ಮಾತಿದೆ. ಒತ್ತೆಯಿಟ್ಟುದನ್ನು ಬಿಡಿಸಿಕೊಂಡ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಅಪಾಯವಿದೆ. ದಾಸ್ಯವನ್ನು ಬರಿಯ ಉಪಮೆಯಾಗಿ ಮಾಡಿಕೊಂಡರೆ, ಆತ್ಮಕ್ಕೆ ಬಿಡುಗಡೆಯನ್ನು ಸಾರುತ್ತ ದೇಹವನ್ನು ಕಟ್ಟಿಹಾಕಬಹುದು. ಹೀಗೆ ಮಾಡಿದವರೂ ಇದ್ದರು. ವೆಸ್ಟ್ ಇಂಡೀಸಿನ ದಾಸರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನಲ್ಲಿ ಮೋಶೆಯು ಜನರನ್ನು ಬಿಡಿಸಿ ತಂದ ಕಥೆಯನ್ನೇ ಕೈಬಿಟ್ಟಿದ್ದರು. ಆ ಕಥೆಯನ್ನು ದಾಸನು ಹೇಗೆ ಓದಿಕೊಳ್ಳುವನೆಂಬುದು ಒಡೆಯರಿಗೆ ಚೆನ್ನಾಗಿ ತಿಳಿದಿತ್ತು!

ಇನ್ನು ಕೊಡಗಿಗೆ ಬರೋಣ. ಹಿಂದೆ ಇಲ್ಲಿ ‘ಭೂಮಿ ಜಮ್ಮದ ಆಳು’, ‘ಒಕ್ಕಲು ಜಮ್ಮದ ಆಳು’ ಎಂಬ ಹೆಸರುಗಳಿದ್ದುವು. ಮೊದಲಿನವನು ಗದ್ದೆಗೆ ಅಂಟಿದವನು. ಎರಡನೆಯವನು ಮನೆತನಕ್ಕೆ ಸೇರಿದವನು, ಅವನನ್ನು ಮಾರಲೂ ಬಹುದು, ಒತ್ತೆಯಿಡಲೂ ಬಹುದು. 1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. 1843ರ ಐದನೆಯ ಕಾಯಿದೆಯು, ದಾಸನ ಮೇಲೆ ಒಡೆಯನಿಗಿರುವ ಹಕ್ಕನ್ನು ಕಂಪೆನಿಯ ನ್ಯಾಯಾಲಯಗಳು ಮನ್ನಿಸಕೂಡದೆಂದು ವಿಧಿಸಿತು. ಹಗ್ಗ ಬಿಚ್ಚಿತು, ಆದರೆ ಕೈಗೆ ಏನೂ ಬರಲಿಲ್ಲ. ಇದೇ ಕಾಲದ ಸುಮಾರಿಗೆ, 1850ರ ದಶಕದಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದನು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವನು ಇವನೇ. ಇವನ ಬೋಧೆಗೆ ಹೆಚ್ಚಾಗಿ ಓಗೊಟ್ಟವರು ದಲಿತ ಸಮುದಾಯದ ಆಳುಮಕ್ಕಳು. ಅವರಿಗೆ ಉಪದೇಶವಷ್ಟೇ ಸಾಲದೆಂದು ಕಂಡು, ಅವರು ನೆಲಸಿ ದುಡಿದು ಬಾಳಲು ಆನಂದಪುರವೆಂಬ ಊರನ್ನು ಕಟ್ಟಿಸಿದನು. ಅದು ಚಿಕ್ಕ ಪ್ರಯತ್ನ. ಉಳಿದ ಆಳುಗಳ ಪಾಡು ಅದರಿಂದ ಬದಲಾಗಲಿಲ್ಲ. ಆದರೂ ಪಾಪದಿಂದ ಬಿಡುಗಡೆಯನ್ನು ಸಾರಲು ಬಂದವನಿಗೆ ನೆಲವನ್ನು ಹುಡುಕಬೇಕಾಗಿ ಬಂತೆಂಬುದು ನಮಗೆ ಪಾಠ.

ಈ ಪಾಠ ಬೈಬಲ್ಲಿನಲ್ಲಿಯೇ ಇದೆ. ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದ ಪ್ರಕಾರ, ಏಳನೆಯ ವರ್ಷದಲ್ಲಿ ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳುಹಿಸಕೂಡದು. ಹಿಂಡಿನಿಂದ, ಕಣದಿಂದ, ದ್ರಾಕ್ಷೆಯ ತೊಟ್ಟಿಯಿಂದ ಧಾರಾಳವಾಗಿ ಕೊಡಬೇಕು. ಏಕೆಂದರೆ, ಕೊಡುವವನೂ ಒಂದು ಕಾಲದಲ್ಲಿ ದಾಸನಾಗಿದ್ದನು. ಆತ್ಮದ ವಿಷಯದಲ್ಲಿಯೂ ಯೇಸು ಇಂತಹುದೇ ಸಾಮ್ಯವನ್ನು ಹೇಳುತ್ತಾನೆ. ದೆವ್ವ ಬಿಟ್ಟುಹೋದ ಮನೆಯನ್ನು ಗುಡಿಸಿ ಬರಿದಾಗಿಟ್ಟರೆ, ಅದು ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಮರಳುತ್ತದೆ. ಬರಿಗೈಯ ದಾಸನು ಸಾಲಕ್ಕೆ ಮರಳುತ್ತಾನೆ. ಬರಿದಾದ ಮನಸ್ಸು ಪಾಪಕ್ಕೆ ಮರಳುತ್ತದೆ. ಆದುದರಿಂದಲೇ, ಕೂಲಿಯಾಳಾದರೂ ಆಗುವೆನೆಂದು ಹಿಂದಿರುಗಿದ ದುಂದುಗಾರ ಮಗನಿಗೆ ತಂದೆಯು ಬರಿಯ ಕ್ಷಮೆಯನ್ನು ಕೊಡಲಿಲ್ಲ. ಉಡಲು ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು ಕೊಟ್ಟು ಮಗನೆಂದೇ ಮನೆಯೊಳಗೆ ಕರೆದುಕೊಂಡನು.

ಕೊಡಗಿನಲ್ಲಿ ಬರಿಗೈಯ ಬಿಡುಗಡೆ ಏನಾಯಿತೆಂಬುದನ್ನು ನಾವು ಬಲ್ಲೆವು. 1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಎದ್ದುವು. ಮುಂದೆ ಎಷ್ಟೋ ಕುಟುಂಬಗಳಿಗೆ ಲೈನ್ ಮನೆ ಮತ್ತು ಮುಂಗಡದ ಸಾಲ ಹೊಸ ಕಟ್ಟುಗಳಾದುವು. ಜೀತಪದ್ಧತಿಯನ್ನು ರದ್ದುಗೊಳಿಸಲು 1976ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. 2016ರಲ್ಲಿ ಲೈನ್ ಮನೆಗಳನ್ನು ಬಿಟ್ಟು ಬಂದ ಆದಿವಾಸಿಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರು. ಆ ಡಿಸೆಂಬರಿನಲ್ಲಿ ಅವನ್ನು ಕೆಡವಲಾಯಿತು. ಹೋರಾಟದ ಅನಂತರ ಅನೇಕರಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳು ದೊರೆತುವು.

ಹಾಗಾದರೆ ಪಾಪವಿಮೋಚನೆ ಯಾರಿಗೆ ಬೇಕು? ಆಳಿಗೂ ಬೇಕು, ಏಕೆಂದರೆ ಅವನೂ ಮನುಷ್ಯನೇ. ಆದರೆ ಒಡೆಯನಿಗೆ ಅದು ಇನ್ನೂ ಹೆಚ್ಚು ಬೇಕು. ಜಕ್ಕಾಯನೆಂಬ ಸುಂಕದವನು ತಾನು ಸುಲಿದುದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದ ಮೇಲೆಯೇ, ಅವನ ಮನೆಗೆ ರಕ್ಷಣೆಯಾಯಿತೆಂದು ಯೇಸು ನುಡಿದನು. ಒಡೆಯನ ಪಾಪ ತೊಲಗಿತೆಂಬುದಕ್ಕೆ ಆಳಿನ ಕೈ ತುಂಬಿರುವುದೇ ಸಾಕ್ಷಿ. ದೇಹದ ಬಿಡುಗಡೆ, ಆತ್ಮದ ಬಿಡುಗಡೆ ಎಂದು ನಾವು ಎರಡು ಮಾಡಿ ಹೇಳುವುದನ್ನು ವಿಮೋಚನಕಾಂಡದ ದೇವರು ಒಂದೇ ಎಂದು ಬಲ್ಲನು. ಈ ಮತವನ್ನು ನಂಬುವವರಿಗೂ ನಂಬದವರಿಗೂ ಇಷ್ಟು ಮಾತು ಸಲ್ಲುತ್ತದೆಂದು ನನ್ನ ಭಾವನೆ.