ದಿನಾ ಹೋಟೆಲ್ ಊಟ, ಆದರೂ ಹೊಟ್ಟೆ ಹತೋಟಿಯಲ್ಲಿ: ಊರೂರು ಸುತ್ತುವವರಿಗೆ 12 ಸೂತ್ರಗಳು

ತುಮಕೂರಿನಲ್ಲಿ ತಿಂಡಿ, ಶಿರಾದಲ್ಲಿ ಟೀ, ಚಿತ್ರದುರ್ಗದಲ್ಲಿ ಊಟ, ದಾವಣಗೆರೆಯಲ್ಲಿ ಸಂಜೆಗೊಂದು ಬೆಣ್ಣೆದೋಸೆ, ರಾತ್ರಿ ಹತ್ತೂವರೆಗೆ ಲಾಡ್ಜ್ ಪಕ್ಕದ ಹೋಟೆಲಿನಲ್ಲಿ ಇನ್ನೊಂದು ಊಟ. ಔಷಧ ಕಂಪನಿಯ ಪ್ರತಿನಿಧಿ, ಬೀಜ-ಗೊಬ್ಬರದ ಏರಿಯಾ ಮ್ಯಾನೇಜರ್, ವಿಮಾ ಅಧಿಕಾರಿ, ಬ್ಯಾಂಕ್ ಆಡಿಟರ್, ಯಾರನ್ನು ಕೇಳಿದರೂ ದಿನಚರಿ ಹೆಚ್ಚುಕಡಿಮೆ ಹೀಗೇ. ಇಂಥವರಿಗೆ ‘ಹೊರಗಿನದು ಬಿಟ್ಟು ಮನೆ ಊಟ ಮಾಡಿ’ ಎಂದು ಹೇಳಿ ಪ್ರಯೋಜನವಿಲ್ಲ. ಹೋಟೆಲ್ ಇವರ ಕೆಲಸದ ಭಾಗ.

ಸಮಾಧಾನದ ಸಂಗತಿಯೊಂದಿದೆ. ತೂಕ ಏರಿಸುವುದರಲ್ಲಿ ಊಟದ ತಟ್ಟೆಗಿಂತ ಅದರ ಆಚೀಚೆ ಬರುವ ‘ಜೊತೆಗೊಂದು’ಗಳ ಪಾಲು ದೊಡ್ಡದು. ಇಡ್ಲಿ ಜೊತೆಗೊಂದು ವಡೆ, ಖಾರಾಬಾತ್ ಜೊತೆಗೊಂದು ಕೇಸರಿಬಾತ್, ಮೀಟಿಂಗ್ ಜೊತೆಗೊಂದು ಸಮೋಸ, ಊಟದ ಜೊತೆಗೊಂದು ಐಸ್‌ಕ್ರೀಮ್. ಹೋಟೆಲ್ ಬಿಡಲಾಗದು, ಈ ಜೊತೆಗೊಂದನ್ನು ಬಿಡಬಹುದು. ಹೇಗೆಂದು ನೋಡೋಣ.

1. ತಕ್ಕಡಿಗೆ ಮೊದಲು ಟೇಪು

ನಮ್ಮವರಲ್ಲಿ ಕೊಬ್ಬು ಬೇಗ ಸೇರುವುದು ಹೊಟ್ಟೆಯ ಸುತ್ತ. ಆದ್ದರಿಂದ ಟೈಲರ್ ಟೇಪೊಂದು ಮನೆಯಲ್ಲಿರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ. ಬಿಎಂಐ ಲೆಕ್ಕವೂ ನಮಗೆ ಬಿಗಿಯೇ: ಪಾಶ್ಚಾತ್ಯರಿಗೆ 25ರಿಂದ ಶುರುವಾಗುವ ಅಧಿಕ ತೂಕ ನಮಗೆ 23ಕ್ಕೇ ಶುರು. 170 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 66 ಕೆ.ಜಿ.; 72 ದಾಟಿದರೆ ಬೊಜ್ಜು. ಟೂರ್ ಮುಗಿಸಿ ಬಂದ ಮರುದಿನವೇ ತಕ್ಕಡಿ ಹತ್ತಬೇಡಿ; ಹೋಟೆಲ್ ಊಟದ ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟಿರುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ನೋಡಿ. ಮೊದಲ ಗುರಿ ತೂಕದ ಶೇ 5ರಷ್ಟಿರಲಿ. 80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿದರೂ ರಕ್ತದೊತ್ತಡ, ಸಕ್ಕರೆಯ ಮೇಲೆ ಅದರ ಪರಿಣಾಮ ಕಾಣಿಸುತ್ತದೆ.

2. ಒಂದೇ ಟೋಕನ್

ತುಪ್ಪದ ಘಮ ಮೂಗಿಗೆ ಬಡಿದ ಮೇಲೆ ವಿವೇಕ ಕೆಲಸ ಮಾಡುವುದಿಲ್ಲ. ಏನು ತಿನ್ನಬೇಕೆಂದು ಬಸ್ಸಿನಲ್ಲೋ ಕಾರಿನಲ್ಲೋ ಕೂತಾಗಲೇ ತೀರ್ಮಾನಿಸಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ಯಿಂದ ಶುರುವಾದ ದರ್ಶಿನಿ ಪದ್ಧತಿ ಇಲ್ಲಿ ನಿಮ್ಮ ನೆರವಿಗಿದೆ: ಮೊದಲು ದುಡ್ಡು, ಆಮೇಲೆ ತಿಂಡಿ. ಗಲ್ಲೆಯ ಮುಂದೆ ಒಂದೇ ಸಲ ನಿಲ್ಲುವುದೆಂದು ನಿಯಮ ಹಾಕಿಕೊಳ್ಳಿ. ಇನ್ನೊಂದು ವಡೆ ಬೇಕೆಂದರೆ ಮತ್ತೆ ಕ್ಯೂ ಹಿಡಿಯಬೇಕು. ಎಷ್ಟೋ ವಡೆಗಳು ಆ ಕ್ಯೂ ನೋಡಿಯೇ ತಪ್ಪಿಹೋಗುತ್ತವೆ.

3. ಹಬೆ, ಹೆಂಚು, ಬಾಣಲೆ: ಇದೇ ಕ್ರಮ

ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಹಿಟ್ಟಿನಲ್ಲೂ ಸಕ್ಕರೆಯಲ್ಲೂ 4. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು. ಬೆಣ್ಣೆ ಸುರಿದ ಮಸಾಲೆದೋಸೆ, ಜೊತೆಗೊಂದು ಉದ್ದಿನವಡೆ ತಿಂದರೆ ಈ ಪಾಲಿನ ದೊಡ್ಡ ಭಾಗ ಬೆಳಿಗ್ಗೆ ಒಂಬತ್ತಕ್ಕೇ ಖಾಲಿ.

ಹಾಗಾಗಿ ವಾರದ ಹೆಚ್ಚಿನ ದಿನ ಹಬೆಯ ತಿಂಡಿ ಇರಲಿ: ಇಡ್ಲಿ, ಕಡುಬು, ನುಚ್ಚಿನುಂಡೆ. ಒಂದೆರಡು ದಿನ ಹೆಂಚಿನದು: ಸಾದಾ ದೋಸೆ, ರಾಗಿ ದೋಸೆ, ಎಣ್ಣೆ ಕಡಿಮೆ ಹಾಕಿದ ರೊಟ್ಟಿ. ಪೂರಿ, ವಡೆ, ಬೋಂಡಾ ಅಪರೂಪಕ್ಕೆ. ತಟ್ಟೆ ಇಡ್ಲಿ ನೋಡಲು ಒಂದೇ ಆದರೂ ಹಿಟ್ಟಿನಲ್ಲಿ ಎರಡು ಮೂರು ಇಡ್ಲಿಗೆ ಸಮ. ಕ್ಯಾತ್ಸಂದ್ರದಲ್ಲಿ ನಿಲ್ಲಿಸಿದಾಗ ಇದು ನೆನಪಿರಲಿ. ಚಟ್ನಿ ಒಂದು ಸಲ, ಸಾಂಬಾರ್ ಎರಡು ಸಲ ಹಾಕಿಸಿಕೊಳ್ಳಿ.

4. ಟೀ-ಕಾಫಿ ಬೈಟು

ಡಾಕ್ಟರ್ ಬರುವ ತನಕ ಒಂದು, ಡೀಲರ್ ಅಂಗಡಿಯಲ್ಲಿ ಒಂದು, ಸಹೋದ್ಯೋಗಿ ಸಿಕ್ಕಾಗ ಇನ್ನೊಂದು. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಂಡರೂ 10 ಗ್ರಾಂ ಆಯಿತು. ದಿನಕ್ಕೆ ಐದು ಟೀ ಕುಡಿದರೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲ್ಮಿತಿಯೂ ಸರಿಸುಮಾರು ಅಷ್ಟೇ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದು. ಅಂದರೆ ಸಿಹಿತಿಂಡಿ ಮುಟ್ಟುವ ಮೊದಲೇ ದಿನದ ಸಕ್ಕರೆ ಮುಗಿದಿರುತ್ತದೆ. ಬೈಟು ಹೇಳಿ, ಸಕ್ಕರೆ ಕಡಿಮೆ ಎನ್ನಿ, ಎರಡು ವಾರ ಬಿಟ್ಟು ಸಕ್ಕರೆಯೇ ಬೇಡ ಎನ್ನಿ. ಕೊಟ್ಟವರು ಬೇಜಾರಾದಾರು ಎಂಬ ಸಂಕೋಚ ಬೇಡ. ಮನೆಗೊಬ್ಬರಿಗೆ ‘ಶುಗರ್’ ಇರುವ ಕಾಲವಿದು, ಯಾರೂ ಏಕೆಂದು ಕೇಳುವುದಿಲ್ಲ.

5. ಫುಲ್ ಮೀಲ್ಸ್ ಬೇಡ, ಪ್ಲೇಟ್ ಮೀಲ್ಸ್ ಸಾಕು

‘ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಬೇಕು’ ಎಂಬ ಹಟ ಹೊಟ್ಟೆಗೆ ಅನ್ಯಾಯ ಮಾಡುತ್ತದೆ. ಎಷ್ಟು ಬೇಕಾದರೂ ಬಡಿಸುವ ಊಟದ ಬದಲು ಅಳತೆಯ ಊಟ ಆರಿಸಿ. ಬಡಿಸುವ ಹೋಟೆಲೇ ಸಿಕ್ಕಿತೆನ್ನಿ, ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯ, ಸಾರು ಮುಗಿಸಿ, ಎರಡನೇ ಸಲ ಪಲ್ಯವನ್ನೇ ಕೇಳಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು; ಹತ್ತೇ ನಿಮಿಷದಲ್ಲಿ ಊಟ ಮುಗಿಸುವವರಿಗೆ ಆ ಸುದ್ದಿ ತಲುಪುವಷ್ಟರಲ್ಲಿ ಮೊಸರನ್ನವೂ ಮುಗಿದಿರುತ್ತದೆ. ಹಪ್ಪಳ, ಸಿಹಿ, ಬಾಳೆಹಣ್ಣು ಮೂರೂ ಬಂದರೆ ಹಣ್ಣನ್ನು ಉಳಿಸಿಕೊಳ್ಳಿ.

6. ಊರಿಗೆ ತಕ್ಕ ಊಟ

ಕರ್ನಾಟಕದಲ್ಲಿ ಸುತ್ತುವವರ ಭಾಗ್ಯವೆಂದರೆ ಪ್ರತಿ ಸೀಮೆಯ ಹೋಟೆಲಿನಲ್ಲೂ ಒಂದು ಒಳ್ಳೆಯ ಆಯ್ಕೆ ಇದ್ದೇ ಇರುತ್ತದೆ.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆ ಖಾನಾವಳಿ ಹುಡುಕಿ. ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಹಸಿ ಮೂಲಂಗಿ, ಸವತೆಕಾಯಿ, ಮೊಸರು. ತೂಕ ಇಳಿಸುವವರಿಗೆ ಇದಕ್ಕಿಂತ ಒಳ್ಳೆಯ ಹೋಟೆಲ್ ಊಟ ಸಿಗುವುದು ಕಷ್ಟ. ಎಣಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿ. ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’ ಎಂದರೆ ‘ಸಾಕ್ರಿ, ಪಲ್ಯ ಹಾಕ್ರಿ’ ಎನ್ನಿ.

ಮಂಡ್ಯ, ಮೈಸೂರು, ಬೆಂಗಳೂರಿನ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ ಇಲ್ಲವೇ ಅನ್ನ, ಎರಡರಲ್ಲಿ ಒಂದು. ರಾಗಿ ಒಳ್ಳೆಯದೆಂದು ಎರಡು ಮುದ್ದೆ ಇಳಿಸಿ ಮೇಲೆ ಅನ್ನ ಕಲಸಿದರೆ ರಾಗಿ ಏನೂ ಮಾಡಲಾರದು.

ಮಂಗಳೂರು, ಉಡುಪಿ ಕಡೆ ರವಾ ಫ್ರೈ ಬದಲು ತವಾ ಫ್ರೈ ಅಥವಾ ಪುಳಿಮುಂಚಿ ಆರಿಸಿ. ಗಸಿಯಲ್ಲಿ ತೆಂಗಿನಕಾಯಿ ಧಾರಾಳ. ಮೀನಿನ ಹೋಳು ತಿನ್ನಿ, ಗಸಿ ಅಳತೆಯಲ್ಲಿರಲಿ. ಕುಚ್ಚಲಕ್ಕಿ ಅನ್ನ ಒಂದೇ ಸಲ.

ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನಬೇಡಿ ಎನ್ನುವಷ್ಟು ಕಟುಕತನ ಬೇಡ. ತಿಂಗಳಿಗೊಮ್ಮೆ, ಒಂದು ಪ್ಲೇಟು, ಅಂದಿಗೆ ಅದೇ ಊಟ.

7. ಕಾಳು, ಮೊಸರು, ಮೊಟ್ಟೆ

ಸಸ್ಯಾಹಾರಿ ಹೋಟೆಲ್ ಊಟದ ದೊಡ್ಡ ಕೊರತೆ ಪ್ರೋಟೀನ್. ಅನ್ನ, ಚಪಾತಿ, ಆಲೂಗಡ್ಡೆ ಪಲ್ಯ ಎಲ್ಲ ಒಂದೇ ಜಾತಿ. ಬೇಗ ಹಸಿವಾಗುವುದಕ್ಕೆ, ನಾಲ್ಕಕ್ಕೆ ಬಜ್ಜಿ ಅಂಗಡಿ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. ಮೇಲೆ ಹೇಳಿದ ಮಾರ್ಗಸೂಚಿ ದಿನಕ್ಕೆ 85 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು ಅಥವಾ ಮೊಸರು ಸೂಚಿಸುತ್ತದೆ. ತರಕಾರಿ 400 ಗ್ರಾಂ. ಆದ್ದರಿಂದ ಇನ್ನೊಂದು ಕಪ್ ಅನ್ನಕ್ಕೆ ಕೊಡುವ ದುಡ್ಡನ್ನು ಒಂದು ಕಪ್ ದಾಲ್, ಕಾಳು ಪಲ್ಯ ಅಥವಾ ಮೊಸರಿಗೆ ಕೊಡಿ. ಮೊಟ್ಟೆ ತಿನ್ನುವವರು ಬೇಯಿಸಿದ ಎರಡು ಮೊಟ್ಟೆ ಹೇಳಿ. 12 ಗ್ರಾಂ ಪ್ರೋಟೀನ್ ಸಿಕ್ಕಿತು.

8. ಮೆನು ಕಾರ್ಡ್ ಓದಲು ಕಲಿಯಿರಿ

ಎ.ಸಿ. ರೆಸ್ಟೋರೆಂಟಿನ ಕಾರ್ಡಿನಲ್ಲಿ ‘ಬಟರ್’, ‘ಮಖನಿ’, ‘ಮಲಾಯ್’, ‘ಶಾಹಿ’ ಎಂದಿದ್ದರೆ ಬೆಣ್ಣೆ, ಕೆನೆ, ಗೋಡಂಬಿ ಎಂದರ್ಥ. ದಾಲ್ ಮಖನಿ ಬದಲು ದಾಲ್ ತಡ್ಕಾ, ಬಟರ್ ನಾನ್ ಬದಲು ಬೆಣ್ಣೆ ಸವರದ ತಂದೂರಿ ರೋಟಿ, ಬಟರ್ ಚಿಕನ್ ಬದಲು ತಂದೂರಿ ಚಿಕನ್. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬಣ್ಣ ಹೋದರೂ ಕರಿದ ಎಣ್ಣೆ ಹೋಗಿಲ್ಲ ಎಂಬುದು ಗೊತ್ತಿರಲಿ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಪ್ರತಿ ತಿನಿಸಿನ ಕ್ಯಾಲೊರಿಯನ್ನು ಮೆನುವಿನಲ್ಲಿ ತೋರಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. 2022ರ ಜುಲೈಯಿಂದ ಅದು ಜಾರಿಯಲ್ಲಿದೆ. ಬೆಲೆ ನೋಡುವ ಕಣ್ಣು ಒಂದು ಸಲ ಆ ಅಂಕಿಯ ಕಡೆಗೂ ಹೊರಳಲಿ.

9. ಗ್ರಾಹಕರ ಎದುರು ಮೊದಲು ನೀವೇ ಹೇಳಿ

ನಾಲ್ವರು ಕೂತ ಟೇಬಲಿನಲ್ಲಿ ಒಬ್ಬರು ಪನೀರ್ ಬಟರ್ ಮಸಾಲಾ ಎಂದರೆ ಉಳಿದವರದೂ ಅದೇ ದಾರಿ. ಸಪ್ಲೈಯರ್ ಬಂದೊಡನೆ ನಿಮ್ಮದನ್ನು ಮೊದಲು ಹೇಳಿಬಿಡಿ. ಕ್ಲಿಯರ್ ಸೂಪ್, ಸಲಾಡ್ ಟೇಬಲಿಗೆಲ್ಲ ಸೇರಿ ತರಿಸಿ. ಹಸಿದ ಹೊತ್ತಿನಲ್ಲಿ ಕೈ ಸ್ಟಾರ್ಟರ್ ಕಡೆ ಓಡುವುದು ತಪ್ಪುತ್ತದೆ. ಒತ್ತಾಯ ಮಾಡಿದರೆ ಡಯಟ್ ಭಾಷಣ ಬೇಡ. ‘ಚೆನ್ನಾಗಿತ್ತು ಸಾರ್, ಹೊಟ್ಟೆ ತುಂಬಿತು, ನೀವು ತಗೊಳ್ಳಿ’ ಎಂದರೆ ಮಾತು ಮುಂದೆ ಬೆಳೆಯುವುದಿಲ್ಲ. ನಿಮ್ಮ ಆರ್ಡರಿನ ಫಾರ್ಮು ತುಂಬಿಸುವುದು ನಿಮ್ಮ ಕೆಲಸ. ನೀವು ಎಷ್ಟು ಗುಲಾಬ್ ಜಾಮೂನು ತಿಂದಿರಿ ಎಂಬುದರ ಮೇಲೆ ಯಾರೂ ವ್ಯಾಪಾರ ಕೊಡುವುದಿಲ್ಲ.

10. ಬಫೆಗೆ ಬರಿಗೈಯಲ್ಲಿ ಒಂದು ಸುತ್ತು

ಕಾನ್ಫರೆನ್ಸ್, ಡೀಲರ್ ಮೀಟ್ ಎಂದರೆ ಬಫೆ. ತಟ್ಟೆ ಹಿಡಿಯುವ ಮೊದಲು ಕೈಬೀಸಿಕೊಂಡು ಕೊನೆಯ ತನಕ ನಡೆದು ನೋಡಿ. ನಿಜಕ್ಕೂ ಇಷ್ಟವಾದ ಎರಡು ಬಗೆ ಆರಿಸಿ. ಅರ್ಧ ತಟ್ಟೆ ತರಕಾರಿ, ಉಳಿದರ್ಧದಲ್ಲಿ ಬೇಳೆಯೋ ಮೀನು-ಮಾಂಸವೋ, ಜೊತೆಗೆ ಅನ್ನ ಅಥವಾ ರೋಟಿ. ಸಿಹಿಯ ಕೌಂಟರಿಗೆ ಬೆನ್ನು ಮಾಡಿ ಕೂತುಕೊಳ್ಳಿ. ಚಹಾ ವಿರಾಮದ ಬಿಸ್ಕತ್ತು ಹಸಿವಿಗೆ ತಿನ್ನುವುದಲ್ಲ, ಬೇಸರಕ್ಕೆ ತಿನ್ನುವುದು, ಅದನ್ನು ಮುಟ್ಟಲೇಬೇಡಿ.

11. ರಾತ್ರಿ ಎಂಟರೊಳಗೆ, ಹಗುರಾಗಿ

ರಿಪೋರ್ಟ್ ಕಳಿಸಿ ಆಮೇಲೆ ಉಣ್ಣುತ್ತೇನೆ ಎಂದರೆ ಹತ್ತೂವರೆ ಆಗುತ್ತದೆ, ಹಸಿವು ಕೆರಳಿರುತ್ತದೆ. ಮೊದಲು ಊಟ, ಆಮೇಲೆ ರಿಪೋರ್ಟ್. ಎರಡು ಚಪಾತಿ, ದಾಲ್, ಪಲ್ಯ. ಅಥವಾ ಇಡ್ಲಿ-ಸಾಂಬಾರ್, ಒಂದು ಲೋಟ ಮಜ್ಜಿಗೆ. ರೂಮಿಗೆ ತರಿಸಿಕೊಳ್ಳುವವರು ಆಫರಿನ ಆಸೆಗೆ ಇಬ್ಬರ ಊಟ ತರಿಸಬೇಡಿ.

ನೈಟ್ ಹಾಲ್ಟ್ ಎಂದರೆ ಗ್ಲಾಸು ಎಂಬ ಅಭ್ಯಾಸವಿದ್ದರೆ ಲೆಕ್ಕ ತಿಳಿದಿರಲಿ: 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 130 ಕ್ಯಾಲೊರಿ. ಜೊತೆಗೆ ಬರುವ ಕಡ್ಲೆಬೀಜ ಒಂದು ಹಿಡಿ ತಿಂದರೆ ಇನ್ನೊಂದು 170. ಆಮೇಲೆ ಚಿಲ್ಲಿ ಚಿಕನ್, ಆಮೇಲೆ ಊಟ. ಬಿಡುವುದೇ ಒಳ್ಳೆಯದು.

12. ಬ್ಯಾಗಿನಲ್ಲಿ ತಿನಿಸು, ಕಾಲಿಗೆ ಕೆಲಸ

ಸ್ಯಾಂಪಲ್, ಲ್ಯಾಪ್‌ಟಾಪ್ ಹೊರುವ ಬ್ಯಾಗಿನಲ್ಲಿ ಒಂದು ಸೀಬೆಹಣ್ಣು, ಸಣ್ಣ ಡಬ್ಬಿ ಹುರಿಗಡಲೆ, ನೀರಿನ ಬಾಟಲಿಗೆ ಜಾಗವಿರಲಿ. ನಾಲ್ಕು ಗಂಟೆಯ ಹಸಿವಿಗೆ ಇಷ್ಟು ಸಾಕು. ಬಾಯಾರಿದರೆ ತಂಪು ಪಾನೀಯದ ಬದಲು ನಂದಿನಿ ಮಜ್ಜಿಗೆಯೋ ಎಳನೀರೋ ಕುಡಿಯಿರಿ. ಬಸ್‌ಸ್ಟ್ಯಾಂಡಿನಿಂದ ಲಾಡ್ಜಿಗೆ ಆಟೋ ಬೇಡ, ಕ್ಲಿನಿಕ್ಕಿನ ಎರಡನೇ ಮಹಡಿಗೆ ಲಿಫ್ಟ್ ಬೇಡ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾತ್ರಿ ಊಟವಾದ ಮೇಲೆ ಹೊಸ ಊರಿನ ಪೇಟೆಬೀದಿಯಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ಐದು ದಿನದಲ್ಲಿ ಅದು ತುಂಬಿತು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿಸುವ ಉಮೇದಿನಲ್ಲಿ ಊಟ ತಪ್ಪಿಸಬಾರದು. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಊಟದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿಯೇ ಮಾಡಿ.

ಹನ್ನೆರಡು ಸೂತ್ರಗಳನ್ನೂ ಸೋಮವಾರವೇ ಹಿಡಿದವರು ಗುರುವಾರ ಎಲ್ಲವನ್ನೂ ಬಿಡುತ್ತಾರೆ. ಈ ವಾರ ಮೂರು ಮಾತ್ರ ಸಾಕು: ಸಕ್ಕರೆ ಇಲ್ಲದ ಬೈಟು, ಒಂದೇ ಟೋಕನ್, ಎಂಟರೊಳಗೆ ರಾತ್ರಿಯೂಟ. ಅವು ರೂಢಿಯಾದ ಮೇಲೆ ನಾಲ್ಕನೆಯದು. ತಟ್ಟೆ ಖಾಲಿಯಾಗುವ ಹೊತ್ತಿಗೆ ಸಪ್ಲೈಯರ್ ಬಂದು ‘ಮತ್ತೇನು ಕೊಡ್ಲಿ ಸಾರ್?’ ಎಂದು ಕೇಳಿಯೇ ಕೇಳುತ್ತಾರೆ, ಅದು ಅವರ ಕೆಲಸ. ‘ಬಿಲ್ ಕೊಡಿ’ ಎನ್ನುವುದು ನಿಮ್ಮ ಕೆಲಸ.