ಅತ್ತೆ ಹಾಕಿದ ಅರ್ಜಿ, ನಮ್ಮ ವಯಸ್ಸಿನ ಲೆಕ್ಕ

"ಅಮೆರಿಕದಲ್ಲಿರೋ ಅತ್ತೆ ಅಪ್ಪನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದಾರೆ, ಅಪ್ಪನ ಜೊತೆ ನನಗೂ ಆಗುತ್ತೆ." ಈ ಮಾತನ್ನ ಹಾಸ್ಟೆಲ್‌ನಲ್ಲಿ ನಾವೆಲ್ಲ ಕೇಳಿದ್ದೀವಿ. ನಿಜವಾಗ್ಲೂ ಆಗುತ್ತಾ? ನಮ್ಮಲ್ಲಿ ಹೆಚ್ಚಿನವರಿಗೆ ಈಗ 19 ಅಥವಾ 20. ಅದಕ್ಕೇ ಈ ಲೆಕ್ಕವನ್ನು ಈಗಲೇ ಬಿಡಿಸೋಣ.

ಮೊದಲು ಸಾಲು. ಅಮೆರಿಕದ ಪ್ರಜೆಯಾದವರು ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ತಂದೆತಾಯಿ ಇವರಿಗೆ ಅರ್ಜಿ ಹಾಕಿದರೆ ವಾರ್ಷಿಕ ಮಿತಿ ಇಲ್ಲ. ಒಡಹುಟ್ಟಿದವರಿಗೆ ಹಾಕಿದರೆ ಅದು ಎಫ್4 ವರ್ಗ. ಇಲ್ಲಿ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 65,000 ವೀಸಾ, ಜೊತೆಗೆ ಪ್ರತಿ ದೇಶಕ್ಕೂ ಮಿತಿ. ಹಾಗಾಗಿ 2025ರಲ್ಲೂ ಭಾರತದ ಸಾಲು 2006ರ ಅರ್ಜಿಗಳಲ್ಲೇ ಇತ್ತು. ಐ-130 ಅರ್ಜಿ ಸಲ್ಲಿಸಿದ ದಿನವೇ ನಮ್ಮ ಪ್ರಯಾರಿಟಿ ಡೇಟ್. ಸರದಿ ಎಲ್ಲಿಗೆ ಬಂತು ಅಂತ ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ನೋಡಬಹುದು.

ಈಗ ವಯಸ್ಸು. ಅಪ್ಪನ ಜೊತೆ ಹೋಗಬೇಕಾದರೆ ನಮಗೆ ಮದುವೆ ಆಗಿರಬಾರದು, ವಯಸ್ಸು 21ರೊಳಗಿರಬೇಕು. 2002ರ ಸಿಎಸ್‌ಪಿಎ ಕಾನೂನು ಇಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತೆ:

ಲೆಕ್ಕದ ವಯಸ್ಸು = ಸರದಿ ಬಂದಾಗಿನ ವಯಸ್ಸು − ಐ-130 ಮಂಜೂರಾಗಲು ಹಿಡಿದ ಸಮಯ

ಸರದಿ ಬಂದಾಗ 24 ವರ್ಷ, ಮಂಜೂರಾತಿಗೆ ಹಿಡಿದಿದ್ದು 4 ವರ್ಷ ಅಂದರೆ ಉತ್ತರ 20. ಪಾಸ್. ಮಂಜೂರಾತಿಗೆ ಬರೀ 2 ವರ್ಷ ಹಿಡಿದಿದ್ದರೆ 22. ಫೇಲ್. ತುಂಬಾ ಜನ ತಪ್ಪೋದು ಎಲ್ಲಿ ಗೊತ್ತಾ? ಮಂಜೂರಾದ ಮೇಲೆ ಸಾಲಿನಲ್ಲಿ ಕಾದ ವರ್ಷಗಳನ್ನೂ ಕಳೆದುಬಿಡ್ತಾರೆ. ಅದನ್ನ ಕಳೆಯೋ ಹಾಗಿಲ್ಲ. ಸರದಿ ಬಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡದಿದ್ದರೆ ಸಿಕ್ಕ ರಿಯಾಯಿತಿಯೂ ಕೈತಪ್ಪಬಹುದು.

ವಕೀಲರು ಬೇಕಾಗೋದು ಇಂಥ ಜಾಗದಲ್ಲಿ. ಸಾಲನ್ನು ಮುಂದಕ್ಕೆ ತಳ್ಳೋದು ಅವರ ಕೈಲೂ ಆಗಲ್ಲ. ತಳ್ಳಿಕೊಡ್ತೀನಿ ಅನ್ನೋ ಏಜೆಂಟ್‌ನ ನಂಬಬೇಡಿ. ಕಾನೂನು ಸಲಹೆ ಕೊಡಲು ಅಧಿಕಾರ ಇರೋದು ಅಮೆರಿಕದ ಯಾವುದಾದರೂ ರಾಜ್ಯದ ಲೈಸೆನ್ಸ್ ಇರುವ ವಕೀಲರಿಗೆ, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ. ನಮ್ಮೂರಲ್ಲಿ ನೋಟರಿ ಅಂದರೆ ಸಾಮಾನ್ಯವಾಗಿ ವಕೀಲರೇ, ಅಲ್ಲಿ ಹಾಗಲ್ಲ. ವಕೀಲರ ಹೆಸರನ್ನು ಆ ರಾಜ್ಯದ ಬಾರ್‌ನ ವೆಬ್‌ಸೈಟ್‌ನಲ್ಲಿ ಹುಡುಕಿ. ಫೀಸು ಎಷ್ಟು, ಯಾವ ಕೆಲಸಕ್ಕೆ ಅನ್ನೋದನ್ನ ಬರೆಸಿಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಅಪ್ಪ, ಅತ್ತೆ ಇಬ್ಬರ ಜನನ ಪ್ರಮಾಣಪತ್ರದಲ್ಲೂ ಅಜ್ಜಿ-ತಾತನ ಹೆಸರು ಒಂದೇ ರೀತಿ ಇದೆಯಾ ಅಂತಲೂ ನೋಡಿಕೊಳ್ಳಿ. ಇನಿಶಿಯಲ್ ಬಿಡಿಸಿ ಬರೆಯೋದರಲ್ಲೇ ನಮ್ಮವರ ದಾಖಲೆಗಳು ಬೇರೆಬೇರೆ ಆಗಿಬಿಡುತ್ತವೆ.

ಈ ವಾರ ಮನೆಗೆ ಫೋನ್ ಮಾಡಿದಾಗ ಎರಡು ದಿನಾಂಕ ಕೇಳಿ: ಅರ್ಜಿ ಹಾಕಿದ್ದು ಯಾವಾಗ, ಮಂಜೂರಾಗಿದ್ದು ಯಾವಾಗ. ಉತ್ತರ 21 ದಾಟುವಂತಿದ್ದರೆ ಅಪ್ಪ-ಅಮ್ಮ ಹೊರಡುವಾಗ ನಾವು ಇಲ್ಲೇ ಉಳೀಬೇಕಾಗುತ್ತೆ. ಗೇಟ್, ಪ್ಲೇಸ್‌ಮೆಂಟ್ ಎಲ್ಲಾ "ಹೇಗೂ ಹೋಗ್ತೀವಲ್ಲ" ಅಂತ ಬಿಡೋಕೆ ಮುಂಚೆ ಆ ಉತ್ತರ ಗೊತ್ತಿರಲಿ.