ಕಡಿಮೆ ಎತ್ತರದವರಿಗೆ ತಕ್ಕ ಸೈಕಲ್

ಸೈಕಲ್ ಸವಾರಿ ಹೃದಯಕ್ಕೂ ಶ್ವಾಸಕೋಶಕ್ಕೂ ಹಿತಕರವಾದ ವ್ಯಾಯಾಮ. ಅಳತೆ ತಪ್ಪಿದ ಸೈಕಲ್ಲಾದರೋ ಮಂಡಿನೋವಿಗೆ ಕಾರಣವಾಗುತ್ತದೆ. ಕೊಚ್ಚಿಯ ಸಮತಟ್ಟಾದ ರಸ್ತೆಗಳಲ್ಲಿ ಹೇಗೋ ಸಾಗೀತು; ತಿರುವನಂತಪುರದ ಏರು ತಗ್ಗುಗಳಲ್ಲಿ ನಿಲ್ಲಿಸಿದಾಗ ಕಾಲು ನೆಲಕ್ಕೆ ಎಟುಕದಿದ್ದರೆ ಅಪಾಯ.

ಕೊಳ್ಳುವ ಮುನ್ನ ಕಾಲಿನ ಒಳ ಅಳತೆಯನ್ನು ತಿಳಿಯಬೇಕು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕವೊಂದನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿಸಿರಿ. ಲೆಕ್ಕ ಸರಳ: ಅಳತೆ 28 ಅಂಗುಲವಾದರೆ ಸೈಕಲ್ಲಿನ ಅಡ್ಡ ಬಾರಿನ ಎತ್ತರ 27 ಅಂಗುಲವನ್ನು ಮೀರಬಾರದು. ಅಂಥವರಿಗೆ 22 ಅಂಗುಲದ ಫ್ರೇಮು ಹೊಂದದು. ಅಡ್ಡ ಬಾರಿಲ್ಲದ ‘ಲೇಡೀಸ್ ಸೈಕಲ್’ ಪುರುಷರಿಗೂ ಯೋಗ್ಯವೇ.

ದೊಡ್ಡ ಸೈಕಲ್ಲನ್ನು ಕೊಂಡು ಸೀಟನ್ನು ತಗ್ಗಿಸುವುದು ಪರಿಹಾರವಲ್ಲ. ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗುವಷ್ಟು ಎತ್ತರದಲ್ಲಿ ಸೀಟಿರಬೇಕು. ಅದಕ್ಕಿಂತ ತಗ್ಗಾದರೆ ಮಂಡಿ ಅತಿಯಾಗಿ ಮಡಿಸಿ ನೋಯುವುದು. ಬಟ್ಟೆಯನ್ನು ಅಳತೆಗೆ ಹೊಲಿಸುವ ನಾವು ಸೈಕಲ್ಲನ್ನೂ ಅಳೆದೇ ಕೊಳ್ಳೋಣ.